ನಾಲ್ಕನೇ ದಿನದ ಹುರುಳಿ ಕಟ್ಟು

ಅತ್ತೆಯ ಬಾಯಲ್ಲಿ ಉಳಿದಿದ್ದ ಹನ್ನೊಂದು ಹಲ್ಲುಗಳನ್ನೂ ಕೊಪ್ಪದ ದಂತವೈದ್ಯರು ಎರಡು ಸಲಕ್ಕೆ ಕಿತ್ತು ಮುಗಿಸಿದರು. ಒಸಡು ಮಾಗಿ, ಅಳತೆ ತೆಗೆದು, ಹಲ್ಲಿನ ಸೆಟ್ ಕೂರಿಸಲು ಒಂದೂವರೆ ತಿಂಗಳಾದರೂ ಬೇಕು. ಅಲ್ಲಿಯವರೆಗೆ ಅಗಿಯುವ ಕೆಲಸವಿಲ್ಲದ್ದನ್ನು ಕೊಡಿ, ಗಂಜಿ, ಸೂಪು, ಇಂಥದ್ದು ಎಂದರು. ನೆಮ್ಮಾರಿನಲ್ಲಿ ಮೈದುನನ ಮನೆಯಲ್ಲಿರುವ ಅತ್ತೆ ಇದಕ್ಕಾಗಿಯೇ ಕೊಪ್ಪದ ನಮ್ಮ ಬಾಡಿಗೆ ಮನೆಗೆ ಬಂದು ಉಳಿದಿದ್ದರು.

ಗಂಜಿಯನ್ನು ಮೊದಲ ದಿನವೇ ಆಚೆ ತಳ್ಳಿದರು. "ಅದು ಜ್ವರ ಬಂದೋರು ಉಣ್ಣೂದು. ನಂಗೆ ಹಲ್ಲು ಹೋಗಿದ್ದು, ಜ್ವರ ಬಂದಿದ್ದಲ್ಲ."

ಅಂಗಡಿಯಿಂದ ಸೂಪಿನ ಪೊಟ್ಟಣ ತಂದು ನೀರಿಗೆ ಕಲಸಿ ಕುದಿಸಿ ಕೊಟ್ಟೆ. ಚಮಚ ಎತ್ತಿ, ಅದು ಇಳಿಯುವುದನ್ನೇ ನೋಡಿದರು. "ಎಂತದೇ ಮಾರಾಯ್ತಿ ಇದು? ಎಲೆಕ್ಷನ್ ಪೋಸ್ಟರ್ ಅಂಟ್ಸೂ ಗೋಂದಾ?"

ಟೊಮೆಟೊ, ಕ್ಯಾರೆಟ್ ಬೇಯಿಸಿ ಮಿಕ್ಸಿಗೆ ಹಾಕಿದ್ದು ಎರಡು ಚಮಚಕ್ಕೆ ನಿಂತಿತು. ಸಿಹಿಗುಂಬಳಕ್ಕೆ ಶುಂಠಿ, ಮೆಣಸು ಹಾಕಿ ಮಾಡಿದ್ದು ನಾಲ್ಕು ಚಮಚ ಹೋಯಿತು. ನಮ್ಮವರು ಉಳಿದದ್ದನ್ನೆಲ್ಲ ಕುಡಿದು ಚೆನ್ನಾಗಿದೆ ಎನ್ನುತ್ತಿದ್ದರು. ಆದರೆ ಚೆನ್ನಾಗಿದೆ ಎನ್ನಬೇಕಾಗಿದ್ದದ್ದು ಅವರಲ್ಲ. ಹತ್ತು ದಿನಕ್ಕೆ ಅತ್ತೆಯ ತೂಕ ನಲವತ್ತಾರರಿಂದ ನಲವತ್ತಮೂರಕ್ಕೆ ಇಳಿಯಿತು. ನಾವು ಯಾವಾಗಲೂ ತೋರಿಸುವ ಡಾಕ್ಟರು, ಇನ್ನೆರಡು ಕೆಜಿ ಇಳಿದರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕುವುದೇ ಸರಿ ಎಂದರು. ಮಾವ ಹಾಗೆ ಅಡ್ಮಿಟ್ ಆದವರು ಮನೆಗೆ ಬಂದಿರಲಿಲ್ಲ. ಆಟೋದಲ್ಲಿ ಮನೆ ತಲುಪುವವರೆಗೂ ಅತ್ತೆ ನನ್ನ ಸೆರಗಿನ ತುದಿ ಹಿಡಿದುಕೊಂಡೇ ಇದ್ದರು. ಸಾಮಾನ್ಯವಾಗಿ ಅವರು ಯಾರ ಸೆರಗನ್ನೂ ಹಿಡಿಯುವವರಲ್ಲ.

ಮನೆಯೊಳಗೆ ಕಾಲಿಡುವಾಗ ಹೇಳಿದರು: "ಸೂಪು ಸೂಪು ಅಂತ ಸಾಯ್ತೀಯಲ್ಲ, ನಮ್ಮಲ್ಲಿ ಇಲ್ದಿದ್ದಾ ಅದು? ಹುರುಳಿ ಕಟ್ಟು ಅಂದ್ರೆ ಎಂತ ಮತ್ತೆ?"

ಆ ಹೆಸರು ಕೇಳಿ ನನಗೆ ಇರಿಸುಮುರಿಸಾಯಿತು. ಅದಕ್ಕೆ ಕಾರಣವಿದೆ.

ನಾನು ನರಸಿಂಹರಾಜಪುರದ ಪೇಟೆಯಲ್ಲಿ, ದನ ಕಟ್ಟದ ಮನೆಯಲ್ಲಿ ಬೆಳೆದವಳು. ನೆಮ್ಮಾರಿನಲ್ಲಿ ಆಗ ಹಟ್ಟಿ ತುಂಬ ದನ. ದಿನವೂ ಅವಕ್ಕೆ ಹುರುಳಿ ಬೇಯಿಸುತ್ತಿದ್ದರು; ಕಾಳು ದನಗಳಿಗೆ, ಬೆಂದ ನೀರು ಮನೆಯವರಿಗೆ. ಆ ನೀರೇ ಕಟ್ಟು. ಅದನ್ನು ಅಂದಂದೇ ಸಾರು ಮಾಡಿ ಮುಗಿಸುವುದಿಲ್ಲ. ನಿನ್ನೆಯ ಕಟ್ಟಿಗೆ ಇವತ್ತಿನದನ್ನು ಸುರಿದು ಬತ್ತಿಸುವುದು, ನಾಳೆ ಮತ್ತೆ ಅದಕ್ಕೇ ಸುರಿದು ಬತ್ತಿಸುವುದು. ಪಾತ್ರೆ ಬರಿದಾಗಬಾರದು, ತೊಳೆಯಬಾರದು, ಒಂದು ದಿನವೂ ಕುದಿಸುವುದು ತಪ್ಪಬಾರದು. ದಿನ ಕಳೆದಂತೆ ಅದು ಕಪ್ಪಾಗಿ, ಮಂದವಾಗಿ ಜೋನಿಬೆಲ್ಲದ ಹದಕ್ಕೆ ಬರುತ್ತದೆ. ಮದುವೆಯಾಗಿ ಹೋದ ಹೊಸತರಲ್ಲಿ, ಎಂ.ಎ. ಮಾಡಿ ಬಂದ ಸೊಸೆ ನಾನು, ಮೂಲೆಯಲ್ಲಿದ್ದ ಆ ಪಾತ್ರೆಯ ತಳ ಸೀದಿದೆ ಎಂದುಕೊಂಡು, ಇದ್ದದ್ದನ್ನು ಬಚ್ಚಲಿಗೆ ಚೆಲ್ಲಿ, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ಬೆಳ್ಳಗೆ ಮಾಡಿಟ್ಟೆ. ಅತ್ತೆ ಮನೆಮಂದಿಯ ಮುಂದೆಲ್ಲ ಕೂಗಾಡಿದರು. ಬಾಳೆಹೊನ್ನೂರಿನ ನೆಂಟರವರೆಗೂ ಸುದ್ದಿ ಮುಟ್ಟಿಸಿದರು. ಅಂದಿನಿಂದ ನಾನು ಹುರುಳಿ ಕಟ್ಟಿಗೆ ಕೈ ಹಾಕಿರಲಿಲ್ಲ.

ಹೀಗೆಂದು ನನ್ನ ನೆನಪು. ನೆನಪು ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಒಬ್ಬರೇ ಸಾಕ್ಷಿಯಾದರೆ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಡಾಕ್ಟರಲ್ಲಿಗೆ ಹೋಗಿ ಬಂದ ಸಂಜೆ ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದು ನೋಡಿದೆ. ಇದ್ದದ್ದು ಒಂದೇ ಸಾಲು: "ಕಟ್ಟಿನ ಪಾತ್ರೆ ತಿಕ್ಕಿದೆ. ಅತ್ತೆ ಏನೂ ಅನ್ನಲಿಲ್ಲ."

ಏನೂ ಅನ್ನಲಿಲ್ಲವೇ? ಹಾಗಾದರೆ ನನ್ನ ಕಿವಿಯಲ್ಲಿ ಇಷ್ಟು ವರ್ಷ ಇದ್ದ ಕೂಗು ಯಾರದು? ಹುರುಳಿ ತರಬೇಕಿತ್ತು, ಡೈರಿ ಮುಚ್ಚಿ ಎದ್ದೆ.

ಬಸ್ ಸ್ಟ್ಯಾಂಡಿನ ಹತ್ತಿರದ ದಿನಸಿ ಅಂಗಡಿಯ ಸಾಹೇಬರು ಐದು ಕೆಜಿ ಹುರುಳಿ ತೂಗುತ್ತ ಕೇಳಿದರು: "ಎಂತ ಮೇಡಂ, ಬಾಡಿಗೆ ಮನೇಲಿ ದನ ಕಟ್ಟಿದ್ರಾ?"

"ಅತ್ತೆಗೆ," ಅಂದೆ. ಅವರು ನಕ್ಕರು. ಆಮೇಲೆ ಹಲ್ಲಿನ ವಿಷಯ ಹೇಳಿದಾಗ ಹೊಸ ಚೀಲ ಬಿಚ್ಚಿ ಕಲ್ಲಿಲ್ಲದ ಕಾಳು ಕೊಟ್ಟರು.

ಕುಕ್ಕರ್ ಬೇಡವೆಂದು ಅತ್ತೆಯ ಕಟ್ಟಪ್ಪಣೆ. ದಪ್ಪ ತಳದ ಪಾತ್ರೆಯಲ್ಲಿ, ಕಾಳಿನ ಐದು ಪಟ್ಟು ನೀರಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಿ ಬಸಿದೆ. ಮೊದಲ ದಿನದ ನೀರು ತೆಳ್ಳಗೆ, ಚಹಾದ ಬಣ್ಣ. ಅತ್ತೆ ಕುರ್ಚಿ ಎಳೆಸಿಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತರು. "ಕೆದಕಬೇಡ. ಅದರ ಪಾಡಿಗೆ ಬಿಡು. ಪಾಠ ಮಾಡ್ದಂಗೆ ಮಾತಾಡ್ತಾ ಇರಬೇಡ ಅದರ ಹತ್ರ." ಆ ದಿನವೂ ಮರುದಿನವೂ ಅದನ್ನೇ ಸ್ವಲ್ಪ ಬೆಲ್ಲ, ಉಪ್ಪು ಹಾಕಿ ಕೊಟ್ಟೆ, ಅರ್ಧ ಲೋಟ ಕುಡಿದರು. ಎರಡನೇ ದಿನ ಹೊಸ ಕಟ್ಟನ್ನು ಹಳೆಯದಕ್ಕೆ ಸುರಿದು ಬತ್ತಿಸಿದೆ. ಮೂರನೇ ದಿನವೂ ಹಾಗೆಯೇ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಒಂದು ಕುದಿ, ಬಂದ ಕೂಡಲೇ ಇನ್ನೊಂದು. ಪಾತ್ರೆಯ ಮೇಲೆ "ತೊಳೆಯಬೇಡಿ" ಎಂದು ಚೀಟಿ ಅಂಟಿಸಿದೆ. ಕೆಲಸದವಳಿಗಾಗಿ ಎಂದುಕೊಂಡಿದ್ದೆ. ಬಹುಶಃ ನನಗಾಗಿಯೇ.

ನಾಲ್ಕನೇ ದಿನ ಶನಿವಾರ, ಅರ್ಧ ದಿನ ಕಾಲೇಜು. ಮಧ್ಯಾಹ್ನ ಮನೆಗೆ ಬಂದು ಮುಚ್ಚಳ ತೆಗೆದರೆ ಕಟ್ಟು ಕಪ್ಪಗೆ, ಸೌಟಿನ ಬೆನ್ನಿಗೆ ಅಂಟಿಕೊಳ್ಳುವ ಹಾಗಿತ್ತು. ಇಲ್ಲಿಂದ ಮುಂದಿನದು ಅತ್ತೆ ಹೇಳಿದ್ದಲ್ಲ, ನನ್ನದೇ. ಮೆತ್ತಗೆ ಬೇಯಿಸಿದ ಸಿಹಿಗುಂಬಳ ಎರಡು ಹೋಳು, ಬೆಂದ ಹುರುಳಿ ಎರಡು ಮುಷ್ಟಿ, ಎರಡನ್ನೂ ನುಣ್ಣಗೆ ರುಬ್ಬಿ ಎರಡು ಸೌಟು ಕಟ್ಟಿಗೆ ಬೆರೆಸಿ ಬಿಸಿನೀರಿನಲ್ಲಿ ಸಡಿಲ ಮಾಡಿದೆ. ಉಪ್ಪು, ಚೂರು ಹುಳಿ, ಕುಟ್ಟಿದ ಕಾಳುಮೆಣಸು. ತುಪ್ಪದಲ್ಲಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬರಿಯ ಕಟ್ಟಿನಿಂದ ಹೊಟ್ಟೆ ತುಂಬುವುದಿಲ್ಲ. ಇದು ಕುಡಿದರೆ ಊಟ ಮಾಡಿದ ಹಾಗೆ.

ಅತ್ತೆ ಮೊದಲು ಮೂಸಿದರು. ಒಂದು ಚಮಚ. ಇನ್ನೊಂದು. ಆಮೇಲೆ ಚಮಚ ಬದಿಗಿಟ್ಟು ಬಟ್ಟಲನ್ನೇ ಎತ್ತಿ ಬಾಯಿಗಿಟ್ಟರು. ಇಳಿಸಿದಾಗ ಖಾಲಿ.

"ಕುಂಬಳ ಹಾಕಿದ್ಯಾ?"

"ಹೌದು ಅತ್ತೆ."

"ಯಾರು ಹೇಳಿದ್ದು ಹಾಕು ಅಂತ?"

"ಯಾರೂ ಇಲ್ಲ."

"ಹ್ಞೂಂ. ಮತ್ತೊಂದು ಸೌಟು ಹಾಕು."

ಅಷ್ಟು ಸಾಕಾಗಿತ್ತು ನನಗೆ. ಪಿಎಚ್.ಡಿ. ಮುಗಿದ ದಿನವೂ ಅಷ್ಟು ಬೀಗಿರಲಿಲ್ಲ. ಆ ಧೈರ್ಯದಲ್ಲೇ ಕೇಳಿಬಿಟ್ಟೆ: "ಅತ್ತೆ, ಅವತ್ತು ನಾನು ಪಾತ್ರೆ ತಿಕ್ಕಿದಾಗ ಎಷ್ಟು ಬೈದಿದ್ರಿ ನೀವು!"

ಅವರು ಬಾಯಿ ಒರೆಸಿಕೊಂಡರು. "ನಾನೆಲ್ಲಿ ಬೈದೆ? ಬೈಯೂಕೆ ಬಾಯಿ ಎಲ್ಲಿತ್ತು? ಶೃಂಗೇರಿಗೆ ಹೋದೋಳು ಎರಡು ದಿನ ಅಲ್ಲೇ ಉಳಿದಿದ್ದೆ, ಕುದಿಸು ಅಂತ ಯಾರಿಗೂ ಹೇಳಿರ್ಲಿಲ್ಲ. ಬಂದು ನೋಡಿದ್ರೆ ಕಟ್ಟು ಹುಳಿ ಬಂದು ನೊರೆ ಎದ್ದಿತ್ತು. ಮಾವಂಗೆ ಎಂತ ಹೇಳೂದು ಅಂತ ಹೆದರ್ಕಂಡು ಹೊರಗೆ ಹೋಗಿ ಮತ್ತೆ ಒಳಗೆ ಬಂದ್ರೆ ನೀನು ತಿಕ್ತಾ ಕೂತಿದ್ಯಲ್ಲ! ದೇವರೇ ಕಳಿಸಿದ ಸೊಸೆ ಅಂತ ಸುಮ್ನೆ ಹೋದೆ."

"ಮತ್ತೆ ಬಾಳೆಹೊನ್ನೂರಿನವರಿಗೆ ಹೇಳಿದ್ದು?"

"ಅದು ನೀನೇ. ಮದುವೆ ಮನೇಲಿ, ಮುಂಜಿ ಮನೇಲಿ, ಎಲ್ಲಾ ಕಡೆ ನೀನೇ ಹೇಳ್ಕಂಡು ನಗ್ಸಿದ್ದು. ನನ್ನ ಕೂಗು ಮಾಡಿ ತೋರ್ಸೂದು ಬೇರೆ. ಒಳ್ಳೇ ಮಾಡ್ತಿದ್ದೆ, ಹಾಗಾಗಿ ನಾನೂ ಸುಮ್ನಿದ್ದೆ."

ಇರಬಹುದು. ಹೇಳಿ ಹೇಳಿ, ನಾನು ಅನುಕರಿಸಿದ ದನಿಯೇ ಕೊನೆಗೆ ನನ್ನ ಕಿವಿಯಲ್ಲಿ ಅವರ ದನಿಯಾಗಿ ಕೂತಿರಬಹುದು. ಅಥವಾ ಹೊಟ್ಟೆ ತುಂಬಿದ ಸಂತೋಷಕ್ಕೆ ಅತ್ತೆ ಅವತ್ತಿನ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರೋ ಏನೋ. ಹುಳಿ ವಾಸನೆಯಂತೂ ನನಗೆ ನೆನಪಿಲ್ಲ. ಡೈರಿ ಅವರ ಪರವಾಗಿದೆ, ಆದರೆ ಒಂದು ಸಾಲಿನ ಡೈರಿ ಎಷ್ಟು ತಾನೇ ಹೇಳೀತು? ತಪ್ಪು ಯಾರದೆಂದು ಇನ್ನು ತೀರ್ಮಾನಿಸಲಾರೆ. ಎರಡನೇ ಬಟ್ಟಲು ಖಾಲಿಯಾದದ್ದು ಮಾತ್ರ ನಿಜ, ಅದನ್ನು ಅವತ್ತೇ ಬರೆದಿಟ್ಟಿದ್ದೇನೆ.

ಆ ಪಾತ್ರೆ ಐದು ವಾರ ಒಲೆಯ ಬದಿಯಿಂದ ಕದಲಲಿಲ್ಲ. ಕುಂಬಳ ಸಿಗದ ದಿನ ಸುವರ್ಣಗೆಡ್ಡೆ, ಅದೂ ಇಲ್ಲದಾಗ ಹರಿವೆ ಸೊಪ್ಪು. ಡಾಕ್ಟರ ತೂಕದ ಯಂತ್ರದ ಮೇಲೆ ಮುಳ್ಳು ನಲವತ್ತೇಳಕ್ಕೆ ಬಂದ ದಿನ ಅವರು, ಏನು ಕೊಡ್ತಿದ್ದೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬೊಚ್ಚುಬಾಯಲ್ಲಿ ಹೇಳಿದರು: "ಸೊಸೆ ಸೂಪು."

ನಾನು ಮಾಡಿದ್ದನ್ನು ಅವರು ಸೂಪು ಎಂದದ್ದು ಅದೇ ಮೊದಲು.

ಹಲ್ಲಿನ ಸೆಟ್ ಬಂದ ದಿನ, ಇನ್ನು ಅಗಿಯಬಹುದಲ್ಲ ಎಂದು ಬಿಸಿ ಅಕ್ಕಿರೊಟ್ಟಿ ತಟ್ಟಿದೆ. ಅತ್ತೆ ಒಂದು ಚೂರು ಮುರಿದು ಕಟಕಟ ಅಗಿದರು. ಆಮೇಲೆ ಹಲ್ಲು ತೆಗೆದು ನೀರಿನ ಲೋಟದಲ್ಲಿಟ್ಟು, ಬಟ್ಟಲನ್ನು ನನ್ನ ಕಡೆ ಸರಿಸಿದರು.

"ರೊಟ್ಟಿ ಸಂಜೆಗಿರಲಿ. ಕಟ್ಟು ಉಳಿದಿದ್ಯಲ್ಲ?"