ಗೋಡೆಯಾಚೆಯ ಸ್ಪೀಕರು

ಮೊನ್ನೆ ಬಂಗಾರಪೇಟೆಯ ಬಜಾರಿನಲ್ಲಿ ನನ್ನ ಮಾನ ಹೋಯಿತು. ಹೇಳಿಕೊಳ್ಳುವಂಥದ್ದಲ್ಲ, ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏನು? ಮಗಳು, ಅಳಿಯ ಹೊಸ ಸ್ಪೀಕರ್ ಕೊಳ್ಳಲು ಹೊರಟವರು ನನ್ನನ್ನೂ ಎಳೆದುಕೊಂಡು ಹೋದರು. ಭಾರೀ ಬೆಲೆಯ ಸರಕು. ಚಪ್ಪಲಿ ಹೊರಗೆ ಬಿಡಿಸಿ, ಮೆತ್ತನೆಯ ಸೋಫಾದಲ್ಲಿ ಕೂರಿಸಿ, ಚಹಾ ಕೊಟ್ಟು, ಆಮೇಲೆ ಕೇಳಿಸುತ್ತಾರೆ. ಅಂಗಡಿಯವನು ಗುಂಡಿ ಒತ್ತಿದ. ಮೊದಲು ಪಿಟೀಲು ಬಂತು, ಚೆನ್ನಾಗಿಯೇ ಇತ್ತು. ಆಮೇಲೆ ನಗಾರಿಯಂಥದ್ದೇನೋ ನೆಲದೊಳಗಿನಿಂದ ಎದ್ದಿತು. ಲೋಟದಲ್ಲಿ ಚಹಾದ ಕೆನೆ ನಡುಗಿತು, ತಟ್ಟೆಯ ಮೇಲೆ ಚಮಚ ಕಟಕಟ ಎಂದಿತು. ಆಮೇಲೆ ನನಗೆ ಗೊತ್ತಾದದ್ದು ಇಷ್ಟೇ: ನಾನು ಬರಿಗಾಲಲ್ಲಿ ಬಜಾರಿನ ನಡುವೆ ನಿಂತಿದ್ದೆ, ಸೊಪ್ಪಿನ ಗಾಡಿಯವಳು ನನ್ನನ್ನೇ ನೋಡುತ್ತಿದ್ದಳು.

ಅಳಿಯ ಒಳ್ಳೆಯವನು, ನಗಲಿಲ್ಲ. ನಗಬಹುದಿತ್ತು. ನನಗೆ ನನ್ನ ದೊಡ್ಡಮ್ಮನ ಕತೆ ಗೊತ್ತು, ಅವನಿಗೆ ಗೊತ್ತಿಲ್ಲ.

ದೊಡ್ಡಮ್ಮ, ದೊಡ್ಡಪ್ಪ ಇದ್ದದ್ದು ಕೋರಮಂಡಲ್‌ನ ಚಿನ್ನದ ಗಣಿಯ ಲೈನಿನಲ್ಲಿ. ಲೈನು ಎಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಎರಡು ಮನೆಗೆ ಒಂದೇ ಗೋಡೆ. ಈಚೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆಚೆಯವರು ಸೀನಬೇಕು. ದೊಡ್ಡಮ್ಮನ ಗೋಡೆಯಾಚೆ ಅವಳ ತಮ್ಮ, ನನ್ನ ನಾಣಿ ಮಾವ. ಗಣಿಯ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ನು, ಮದುವೆಯಿಲ್ಲ. ಇದ್ದ ಪ್ರೀತಿಯನ್ನೆಲ್ಲ ಸ್ಪೀಕರುಗಳ ಮೇಲೆ ಸುರಿದಿದ್ದ. ನಾನಾಗ ಬಂಗಾರಪೇಟೆಯಲ್ಲಿ ಹೊಸದಾಗಿ ಮೇಷ್ಟರಾಗಿದ್ದೆ. ಹೆಂಗಸು ಮೇಷ್ಟರೇನು ಎನ್ನಬೇಡಿ, ಲೈನಿನವರು ಕರೆಯುತ್ತಿದ್ದದ್ದೇ ಹಾಗೆ. ಶನಿವಾರ ಮಧ್ಯಾಹ್ನ ಮಾರಿಕುಪ್ಪಂ ರೈಲುಗಾಡಿ ಹತ್ತಿದರೆ ದೊಡ್ಡಮ್ಮನ ಸಾರಿನ ಹೊತ್ತಿಗೆ ಅಲ್ಲಿರುತ್ತಿದ್ದೆ.

ಮಾವನ ಹಳೆಯ ಸ್ಪೀಕರು ಯಾವನೋ ದೊರೆಯ ಬಂಗಲೆಯ ಹರಾಜಿನಲ್ಲಿ ಸಿಕ್ಕಿದ್ದು. ಬಂಗಲೆಗಳು ಖಾಲಿಯಾದಾಗ ಜನ ಮಂಚ, ಕುರ್ಚಿ ಹೊತ್ತು ತಂದರೆ ಇವನು ಸೊಂಟದೆತ್ತರದ ತೇಗದ ಪೆಟ್ಟಿಗೆಯೊಂದನ್ನು ತಂದಿದ್ದ. ಮುಂದೆ ಗೋಣಿಯಂಥ ಬಟ್ಟೆ, ಒಳಗೆ ಮೊರದಗಲದ ಕಾಗದದ ಕೋನು. ಅದಕ್ಕೆ ಜೋಡಿಸಿದ ವಾಲ್ವ್ ಸೆಟ್ಟು ಬಿಸಿಯಾಗಿ, ಧೂಳು ಹುರಿದ ವಾಸನೆ ಬಂದ ಮೇಲೆಯೇ ಹಾಡು. ಹಾಡಿದರೋ, ಮನುಷ್ಯರ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಹತ್ತಿರ. ತಬಲ ಮಾತ್ರ ಕಂಬಳಿ ಹೊದ್ದು ಬಾರಿಸಿದಂತೆ.

ದೊಡ್ಡಪ್ಪನಿಗೆ ಅದೆಂದರೆ ಪ್ರಾಣ. ಪಾತಾಳದಲ್ಲಿ ಕಲ್ಲು ಕೊರೆಯುವ ಮೆಷಿನ್ ಹಿಡಿದು ಅವನ ಕಿವಿ ಮುಕ್ಕಾಲು ಹೋಗಿತ್ತು. ಶಿಫ್ಟು ಮುಗಿಸಿ ಬಂದು, ಮಿಂದು, ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಊರಿ ಕೂರುತ್ತಿದ್ದ. ಕಿವಿಗೆ ಬರದಿದ್ದದ್ದು ಕೈಗೆ ಬರುತ್ತಿತ್ತು. ಆ ಜಾಗದಲ್ಲಿ ಪಾಲಿಶು ಹೋಗಿ ಮರ ಬೆಳ್ಳಗಾಗಿತ್ತು.

ಹೊಸ ಸ್ಪೀಕರಿನ ಜೋಡಿ ಬಂದದ್ದು ಗಲ್ಫಿನಿಂದ ಮರಳಿದ ಒಬ್ಬನಿಂದ. ಮಾವ ಸೈಕಲ್ಲನ್ನೂ ಮಾರಿ ಕೊಂಡ. ಕಪ್ಪಗೆ, ಸಪೂರವಾಗಿ, ಕೋನಿನ ಅಂಚಿಗೆ ರಬ್ಬರು. ಹಾಡುವವರು ಉಸಿರೆಳೆದುಕೊಳ್ಳುವುದೂ ಅದರಲ್ಲಿ ಕೇಳುತ್ತಿತ್ತು. ಕೆಳಗಿನ ಸ್ವರವಂತೂ ಕಿವಿಗೆ ಬರುವ ಮೊದಲೇ ಪಾದಕ್ಕೆ ಬರುತ್ತಿತ್ತು.

ಯಾವುದು ಹೆಚ್ಚು ಎಂಬ ವ್ಯಾಜ್ಯ ಭಾನುವಾರದ ವ್ರತವಾಯಿತು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಮುಂದೆ ದೊಡ್ಡಮ್ಮನ ಸೀರೆ ಇಳಿಬಿಟ್ಟು, ಒಂದೇ ರೆಕಾರ್ಡನ್ನು ಎರಡರಲ್ಲೂ ಹಾಕುವುದು. ಕೇಳಿದವರು ಯಾವುದು ಚೆನ್ನ ಎಂದು ಹೇಳಬೇಕು. ಮೇಷ್ಟರೆಂಬ ಒಂದೇ ಕಾರಣಕ್ಕೆ ನಾನು ತೀರ್ಪುಗಾರ್ತಿ. ಸಂಗೀತ ನನಗೆ ಕೋಣನ ಮುಂದೆ ಕಿನ್ನರಿಯೇ. ಆದರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ. ದೊಡ್ಡಪ್ಪ ಮಾತ್ರ ಸೀರೆಯಡಿ ಕೈ ತೂರಿಸಿ ತನ್ನ ಪೆಟ್ಟಿಗೆ ಸವರಿ, "ಇದೇ ಬಾಗುಂದಿ, ಇದೇ ಚೆಂದ!" ಎಂದು ಘೋಷಿಸುತ್ತಿದ್ದ.

"ಬಾವ, ಇದು ಮೋಸ!" ಎಂದು ಮಾವ ಕೂಗಾಡುತ್ತಿದ್ದ. "ನಿನ್ನ ಅಳೇ ಪೆಟ್ಗೆ ಎಲ್ಲಾನೂ ಮುಚ್ಚಿ ಸುಳ್ಳು ಏಳ್ತೈತೆ. ಒಸದು ಇರೋದ್ ಇದ್ದಂಗೆ ನಿಜ ಏಳ್ತೈತೆ."

ಅಡುಗೆ ಮನೆಯಿಂದ ದೊಡ್ಡಮ್ಮ, "ನಿಜ ಕೇಳಕ್ಕೆ ಈ ಊರಾಗೆ ಸ್ಪೀಕರ್ ಬೇರೆ ಬೇಕೇನ್ಲಾ?" ಎನ್ನುತ್ತಿದ್ದಳು.

ಅವಳ ಮಾತು ನಿಮಗೆ ಅರ್ಥವಾಗಬೇಕಾದರೆ ಬರ್ಸ್ಟು ಎಂದರೇನು ಎಂದು ಹೇಳಬೇಕು. ಆಳದ ಗಣಿಯಲ್ಲಿ ಒತ್ತಡ ತಾಳದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಮೇಲೆ ನಮ್ಮ ನೆಲ ಒಮ್ಮೆ ಮೈ ಕೊಡವುತ್ತದೆ, ಅಟ್ಟಣಿಗೆಯ ಪಾತ್ರೆಗಳು ಗಲಗಲ ಎನ್ನುತ್ತವೆ. ಪಾತ್ರೆ ಸದ್ದಾದರೆ ಹೆಂಗಸರು ಯಾರನ್ನೂ ಏನೂ ಕೇಳುವುದಿಲ್ಲ. ಒಲೆ ಉರಿಯುತ್ತಿರಲಿ, ಮಗು ಅಳುತ್ತಿರಲಿ, ಇದ್ದ ಹಾಗೇ ಗಂಡಸರು ಗಣಿಗೆ ಇಳಿಯುವ ಶಾಫ್ಟಿನ ಬಾಗಿಲಿಗೆ ಓಡಬೇಕು. ಯಾರೋ ಬರೆದಿಟ್ಟ ನಿಯಮವಲ್ಲ. ತಾಯಿ ಓಡಿದ್ದನ್ನು ನೋಡಿ ಮಗಳು ಕಲಿತದ್ದು.

ಒಂದು ಭಾನುವಾರ ಮಾವ ಹೊಸ ಜೋಡಿಯಲ್ಲಿ ತಮಟೆಯ ರೆಕಾರ್ಡು ಹಾಕಿದ. ಈಚೆ ಮನೆಯ ಪಾತ್ರೆಗಳು ಗಲಗಲ ಎಂದವು. ದೊಡ್ಡಪ್ಪ ಅವತ್ತು ಶಿಫ್ಟಿನಲ್ಲಿದ್ದ. ದೊಡ್ಡಮ್ಮ ಓಡಿದಳು, ಎದುರು ಮನೆಯ ಸೆಲ್ವಿ ಅಕ್ಕ ಓಡಿದಳು, ಲೈನಿಗೆ ಲೈನೇ ಓಡಿತು. ಶಾಫ್ಟಿನ ಕಾವಲುಗಾರ ಇವರನ್ನು ನೋಡಿ ಕಕ್ಕಾಬಿಕ್ಕಿಯಾದನಂತೆ. ಸಂಜೆ ದೊಡ್ಡಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನನ್ ಮ್ಯಾಲೆ ಇಷ್ಟು ಆಸೆ ಐತೇನೇ ನಿಂಗೆ?" ಎಂದ. ದೊಡ್ಡಮ್ಮ ನಾಚಿ ಸೌಟು ಎತ್ತಿದಳು.

ಮಾವನಿಗೆ ಲೈನಿನವರೆಲ್ಲ ಉಗಿದರು. ಅವನು ಸಣ್ಣಗೆ ಹಾಕುತ್ತೇನೆಂದ. ಕೆಲವು ದಿನ ಹಾಕಿದ, ಆಮೇಲೆ ಕೈ ತಡೆಯಲಿಲ್ಲ. ಲೈನೂ ಒಗ್ಗಿಕೊಂಡಿತು. ಪಾತ್ರೆ ನಡುಗಿದರೆ "ನಾಣೀದು" ಎಂದು ಕೂತಲ್ಲೇ ಕೂತಿರುತ್ತಿದ್ದರು. ನನಗನ್ನಿಸುತ್ತದೆ, ಅವರಿಗೆ ಅದು ಹಿತವೇ ಆಗಿತ್ತು. ಹುಟ್ಟಿದಾಗಿನಿಂದ ಹೆದರಿ ಬದುಕಿದವರಿಗೆ ನಡುಕಕ್ಕೆ ಬೇರೊಂದು ಕಾರಣ ಸಿಕ್ಕಿತ್ತು.

ನಿಜವಾದದ್ದು ಬಂದ ದಿನ ಮಾವ ಬಂಗಾರಪೇಟೆಯಲ್ಲಿದ್ದ. ರೆಕಾರ್ಡ್ ಪ್ಲೇಯರಿಗೆ ಸೂಜಿ ಕೊಳ್ಳಲು ಬಂದವನು ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದ. ಅವನ ಮನೆಗೆ ಬೀಗ ಹಾಕಿತ್ತು. ನಡೆದದ್ದನ್ನು ಆಮೇಲೆ ಸೆಲ್ವಿ ಅಕ್ಕ ಹೇಳಿದಳು. ದೊಡ್ಡಮ್ಮ ಮುದ್ದೆ ತೊಳಸುತ್ತಿದ್ದಳು. ಪಾತ್ರೆಗಳು ಗಲಗಲ ಎಂದವು. ಕೈಯಲ್ಲಿದ್ದ ಮುದ್ದೆ ಕೋಲಿನಿಂದಲೇ ಗೋಡೆಗೆ ಗುದ್ದಿ, "ಲೇ ನಾಣಿ, ನಿಲ್ಸಲಾ ಅದನ್ನ! ನಿಮ್ ಬಾವ ಬರೋ ಒತ್ತು!" ಎಂದು ಕೂಗಿದಳು. ಸದ್ದು ನಿಂತಿತು. ತಮ್ಮ ಮಾತು ಕೇಳಿದನೆಂದುಕೊಂಡು ಮುದ್ದೆ ಕಟ್ಟಲು ಕೂತಳು.

ಉಳಿದ ಲೈನುಗಳ ಹೆಂಗಸರು ಓಡಿದ್ದರು. ನಮ್ಮ ಲೈನು ಮಾತ್ರ ನಾಣಿ ಮಾವನನ್ನು ಬೈದುಕೊಂಡು ಮನೆಯಲ್ಲೇ ಇತ್ತು.

ದೊಡ್ಡಪ್ಪನನ್ನು ಬೇಗನೇ ಮೇಲೆ ತಂದಿದ್ದರು. ಸ್ಟ್ರೆಚರಿನ ಮೇಲೆ ಮಾತಾಡುತ್ತಿದ್ದನಂತೆ. "ನಮ್ಮೋಳು ಬಂದ್ಲಾ?" ಎಂದು ಕೇಳಿದನಂತೆ. ಬರುತ್ತಾಳೆ, ಬರುತ್ತಾಳೆ ಎಂದು ಸುತ್ತ ನಿಂತವರು ಹೇಳಿದರು. ಅವನಿಗೆ ಕೇಳಿಸಲಿಲ್ಲ. ಮತ್ತೆ ಕೇಳಿದ. ಆಂಬುಲೆನ್ಸಿನ ಬಾಗಿಲು ಹಾಕುವವರೆಗೂ ಅದನ್ನೇ ಕೇಳುತ್ತಿದ್ದನಂತೆ. ಯಾರೋ ಓಡಿ ಬಂದು ಸುದ್ದಿ ಹೇಳಿ ದೊಡ್ಡಮ್ಮ ಆಸ್ಪತ್ರೆ ಮುಟ್ಟಿದಾಗ ಅವನ ಪ್ರಶ್ನೆ ನಿಂತುಹೋಗಿತ್ತು.

ಅವಳು ತಮ್ಮನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಿತ್ತು. "ಅಕ್ಕ ಒಂದೇ ಒಂದು ಸಲ ಬೈದಿದ್ರೆ ನಾನು ಬದುಕ್ಕೊಂತಿದ್ನಮ್ಮಾ" ಎಂದು ಮಾವ ನನ್ನ ಮುಂದೆ ಅತ್ತಿದ್ದಾನೆ. ಹೊಸ ಜೋಡಿಯನ್ನು ಸಿಕ್ಕವರಿಗೆ ಕೊಟ್ಟ. ಆಮೇಲೆ ಅವನು ಯಾವ ಹಾಡನ್ನೂ ಕೇಳಲಿಲ್ಲ, ಬೇರೆಯವರ ರೇಡಿಯೋದ್ದೂ ಕೂಡ. ಹಾಡು ಬಂದರೆ ಎದ್ದು ಹೋಗುತ್ತಿದ್ದ. ಹಾಗೇ ಎದ್ದು ಹೋಗುತ್ತ ಹೋಗುತ್ತ ಒಂದು ದಿನ ಈ ಲೋಕದಿಂದಲೇ ಎದ್ದು ಹೋದ. ದೊಡ್ಡಮ್ಮ ಕ್ವಾರ್ಟರ್ಸ್ ಬಿಟ್ಟು ನಮ್ಮ ಮನೆಗೆ ಬಂದಳು. ಗೋಡೆಯ ಮೇಲಿನ ರಾಗಿ ಹಿಟ್ಟಿನ ಗುರುತನ್ನು ಉಗುರಿನಿಂದ ಕೆರೆದು ತೆಗೆದು ಬಂದಳು. ತೇಗದ ಪೆಟ್ಟಿಗೆಯನ್ನು ಮಾತ್ರ ಜೊತೆಗೆ ತಂದಳು.

ನಮ್ಮ ಮನೆ ಜಂಕ್ಷನ್ನಿನ ಮಗ್ಗುಲಲ್ಲೇ. ಗೂಡ್ಸು ಹೋದರೆ ಪಾತ್ರೆಗಳು ನಡುಗುತ್ತವೆ. ಎಂಥ ಕಡೆಗೆ ಕರೆತಂದೆ ನೋಡಿ ನಾನು! ಪ್ರತಿ ಸಲವೂ ಅವಳು ಹೊಸ್ತಿಲಿಗೆ ಬಂದು ನಿಂತು, "ಗಾಡೀನೇನಮ್ಮಾ?" ಎನ್ನುತ್ತಿದ್ದಳು. "ಗಾಡೀನೇ ದೊಡ್ಡಮ್ಮ" ಎನ್ನುತ್ತಿದ್ದೆ. ಸಾಲದು. ಕೊನೆಯ ಡಬ್ಬಿ ಕಣ್ಣಿಗೆ ಬಿದ್ದ ಮೇಲೆಯೇ ಒಳಗೆ ಬರುತ್ತಿದ್ದಳು. ಎಷ್ಟೋ ವರ್ಷ ಹೀಗೆ. ಕೆಲವೊಮ್ಮೆ ನನಗೆ ಬೇಸರವೂ ಬರುತ್ತಿತ್ತು. ಈಗ ಅವಳಿಲ್ಲ, ಗಣಿಯೂ ಮುಚ್ಚಿತು. ಪೆಟ್ಟಿಗೆ ನಮ್ಮ ಹಜಾರದಲ್ಲಿದೆ. ಕೋನನ್ನು ಇಲಿ ತಿಂದಿದೆ, ನೆತ್ತಿಯ ಮೇಲಿನ ಬಿಳಿ ಅಂಗೈ ಹಾಗೇ ಇದೆ. ಅಲ್ಲಿ ನಾನೂ ಕೈ ಇಟ್ಟು ನೋಡಿದ್ದೇನೆ. ಏನೂ ಬರುವುದಿಲ್ಲ.

ಮೊನ್ನೆ ಅಂಗಡಿಯವನು ನನ್ನ ಚಪ್ಪಲಿ ಹಿಡಿದು ಬೀದಿಗೇ ಬಂದ. ಪಾಪ, ಗಾಬರಿಯಾಗಿದ್ದ. "ಬೇಸ್ ಜಾಸ್ತಿ ಆಯ್ತಾ ಮೇಡಂ? ಕಮ್ಮಿ ಮಾಡ್ತೀನಿ, ಬನ್ನಿ."

"ಅದು ಗಾಡೀದಾ, ನಿಮ್ದಾ?" ಎಂದು ಕೇಳಿದೆ. ನನ್ನ ದನಿ ನನಗೇ ದೊಡ್ಡಮ್ಮನ ದನಿಯಂತೆ ಕೇಳಿಸಿತು.

ಅವನು ನಕ್ಕ. "ಗಾಡಿ ಎಲ್ಲಿ ಬಂತು ಮೇಡಂ? ನಮ್ದೇ, ನಮ್ ಸ್ಪೀಕರ್ದೇ."

ಅವನ ಮಾತು ನಿಜವೇ ಇರಬೇಕು. ಆದರೆ ಅದೊಂದು ಮಾತನ್ನು ನಾನು ನಂಬಲಾರೆ. ಬಿಸಿಲಲ್ಲಿ ಬರಿಗಾಲಲ್ಲಿ ನಿಂತೇ ಇದ್ದೆ. ಓಡಬೇಕು ಎಂದು ಕಾಲು ಹೇಳುತ್ತಿತ್ತು. ಓಡಿ ಹೋಗಿ ನಿಲ್ಲಲು ಈಗ ಯಾವ ಬಾಗಿಲೂ ಇಲ್ಲ, ಬಂದೆಯಾ ಎಂದು ಕೇಳುವವರೂ ಇಲ್ಲ.