ಕೆಂಪಯ್ಯನವರು ತಿಗರಿಯನ್ನು ವಾಪಸು ಕಳಿಸಿದ್ದು

ದಸರಾ ಮುಗಿದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ, ಚಾಮುಂಡಿ ಬೆಟ್ಟದ ತಪ್ಪಲಿನ ಕುದುರೆ ಕೊಳದಲ್ಲಿ, ಪಡುವಣ ಕಡೆಯ ಮೆಟ್ಟಿಲುಗಳಲ್ಲಿ ಆಮೆ ಕೆತ್ತಿರುವ ಮೆಟ್ಟಿಲಿನ ಮೇಲೆ ನಾನು ನಿಂತಿದ್ದೆ. ಬಿಸಿಲು ಬೆಟ್ಟವನ್ನು ದಾಟಿ ನನ್ನ ಕಾಲಿನವರೆಗೆ ಬಂದಿತ್ತು. ನೀರಿನ ಆಚೆ ಬದಿ ಇನ್ನೂ ನೆರಳಿನಲ್ಲಿತ್ತು. ನನ್ನ ಕೈಯಲ್ಲಿ ಹಿಂಡಿದ ಪಂಚೆ ಇತ್ತು. ಇಷ್ಟನ್ನು ಯಾರು ಕೇಳಿದರೂ ತಡೆಯಿಲ್ಲದೆ ಹೇಳಬಲ್ಲೆ. ಮುಂದಿನದನ್ನು ಹೇಳುವಾಗ ಮಾತ್ರ, ಇಷ್ಟು ವರ್ಷವಾದ ಮೇಲೂ, ಮಾತು ಹಿಂದುಮುಂದಾಗುತ್ತದೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ನೀವೂ ಅವಸರಪಡಬೇಡಿ.

ಇದೆಲ್ಲ ಮತ್ತೆ ನೆನಪಿಗೆ ಬಂದದ್ದು ಒಂದು ವಾಸನೆಯಿಂದ. ಮೊನ್ನೆ ಅದೇ ಕೊಳಕ್ಕೆ ಹೋಗಿದ್ದೆ. ಮೆಟ್ಟಿಲ ಮೇಲೆ ಒಣಗಿದ ಸೋರೆ ಬುರುಡೆಗಳನ್ನು ನೆನೆಸಿ ಬಿಸಿಲಿಗೆ ಇಟ್ಟಿದ್ದರು. ಈಜು ಕಲಿತವರಿಗೆ ಆ ವಾಸನೆ ಗೊತ್ತು: ಅರ್ಧ ತರಕಾರಿಯದು, ಅರ್ಧ ಹಳೆಯ ಹಗ್ಗದ್ದು. ಮೈಸೂರಿನಲ್ಲಿ ನನ್ನ ತಲೆಮಾರಿನ ಗಂಡಸರೆಲ್ಲ ಸೊಂಟಕ್ಕೆ ಎರಡು ಬುರುಡೆ ಕಟ್ಟಿಕೊಂಡೇ ನೀರಿಗಿಳಿದವರು. ಆ ಬುರುಡೆಗಳ ನಡುವೆ ತೇಲುವಾಗ ಎಂಥ ದೊಡ್ಡ ಮನುಷ್ಯನ ಗಾಂಭೀರ್ಯವೂ ಉಳಿಯುತ್ತಿರಲಿಲ್ಲ. ಕಚೇರಿಯಲ್ಲಿ ನಮ್ಮನ್ನು ನಡುಗಿಸುತ್ತಿದ್ದ ಶಿರಸ್ತೇದಾರರನ್ನು ನಾನು ಹಾಗೆ ತೇಲುವಾಗ ಒಮ್ಮೆ ನೋಡಿದೆ. ಆಮೇಲೆ ಅವರೆದುರು ನಡುಗುವುದು ನನ್ನಿಂದ ಸಾಧ್ಯವಾಗಲೇ ಇಲ್ಲ.

ಕುದುರೆ ಕೊಳ ಯಾವ ದೇವಸ್ಥಾನಕ್ಕೂ ಸೇರಿದ್ದಲ್ಲ. ಹಿಂದೆ ಯಾರೋ ಕುದುರೆಗಳಿಗೆ ನೀರು ಕುಡಿಸಲು ಕಟ್ಟಿಸಿದ್ದಂತೆ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಇಳಿಯಬಹುದಿತ್ತು. ಅಲ್ಲಿನ ಈಜು ಮೇಷ್ಟ್ರು ಕೆಂಪಯ್ಯನವರು. ಗಟ್ಟಿ ಆಳು, ಬೆಳ್ಳಗಾದ ಮೀಸೆ, ನೀರಿನಲ್ಲೂ ಬಾಯಿ ಮುಚ್ಚದವರು. ಅವರ ಮಗ ನಂಜುಂಡ ಅವರಿಗೆ ಸಹಾಯಕ. ಮಾತೆಲ್ಲ ಅಪ್ಪನ ಪಾಲಿಗೆ ಹೋದದ್ದರಿಂದಲೋ ಏನೋ, ನಂಜುಂಡ ಬಾಯಿ ತೆಗೆಯುತ್ತಿದ್ದುದೇ ಅಪರೂಪ.

ಮೊದಲ ಜರ್ಮನ್ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಊರಿನ ಒಂದು ವ್ಯಾಯಾಮ ಸಂಘದವರು, ಈಜು ಕಲಿಸುವವರೆಲ್ಲರೂ ಮುಳುಗಿದವರನ್ನು ಉಳಿಸುವ ಹೊಸ ಕ್ರಮವನ್ನು ಕಲಿಯಬೇಕೆಂದು ಗೊತ್ತುಮಾಡಿದರು. ಪಾಠ ಹೇಳಲು ಬಂದವರು ರಾಯಪ್ಪನವರು. ಯುದ್ಧದ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಬಸ್ರಾದ ಬಿಸಿಲಿನಲ್ಲಿ ಕಪ್ಪಾಗಿ ಹಿಂದಿರುಗಿದ್ದ ಕ್ರೈಸ್ತರು, ಮಿತಭಾಷಿ. ಅವರ ಹತ್ತಿರ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಲು ಕಚೇರಿಯಲ್ಲಿ ಗುಮಾಸ್ತನಾಗಿದ್ದು ಸಂಘದ ಲೆಕ್ಕಪತ್ರವನ್ನೂ ಬರೆಯುತ್ತಿದ್ದ ನನ್ನನ್ನು ಕರೆದರು. ನಾನು ಆಗ ಒಣಗಿದ ನುಗ್ಗೇಕಾಯಿಯಂತಿದ್ದೆ. ಮೊದಲ ದಿನವೇ ರಾಯಪ್ಪನವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ರೈಟ್ರೆ, ನೀವು ಹಗುರವಾಗಿದ್ದೀರಿ. ಪಕ್ಕೆಲುಬೂ ಚೆನ್ನಾಗಿ ಕಾಣ್ಸುತ್ತೆ. ಸ್ವಲ್ಪ ಮಲಗಿ," ಎಂದರು. ಅಂದಿನಿಂದ ಪಾಠ ಮುಗಿಯುವವರೆಗೆ ನಾನು ಕುದುರೆ ಕೊಳದ ಹೆಣವಾದೆ. ಮಂಡಿ ಮೊಹಲ್ಲಾದ ಬೀದಿಯಲ್ಲಿ ಹೋದರೆ, "ಹೆಣದ ರೈಟ್ರು ಬಂದ್ರು, ದಾರಿ ಬುಡ್ರೋ," ಎನ್ನುವಷ್ಟು ಕೀರ್ತಿ ಬಂತು.

ಹೆಣದ ಕೆಲಸ ಸುಲಭವೆಂದು ತಿಳಿಯಬೇಡಿ. ಕಲ್ಲುಚಪ್ಪಡಿಯ ಮೇಲೆ ಬೋರಲು ಮಲಗಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು. ಆಗ ಚಾಮುಂಡಿ ಬೆಟ್ಟ ಗೋಡೆಯ ಹಾಗೆ ನೆಟ್ಟಗೆ ನಿಂತಂತೆ ಕಾಣುತ್ತಿತ್ತು. ಉಳಿಸುವವನು ನನ್ನ ತೊಡೆಗಳ ಎರಡೂ ಪಕ್ಕಕ್ಕೆ ಮೊಣಕಾಲೂರಿ, ಬೆನ್ನಿನ ಕೆಳಭಾಗದಲ್ಲಿ ಅಂಗೈಯಿಟ್ಟು, ಮುಂದಕ್ಕೆ ಬಾಗಿ ಮೈಭಾರ ಬಿಡುತ್ತಿದ್ದ. ಆಮೇಲೆ ಹಿಂದಕ್ಕೆ ಸರಿಯುತ್ತಿದ್ದ. ಕೈ ಸರಿಯಾದ ಜಾಗದಲ್ಲಿದ್ದರೆ, ನಾನು ಬೇಡವೆಂದರೂ ನನ್ನ ಉಸಿರು ಹೊರಗೆ ಹೋಗುತ್ತಿತ್ತು; ಕೈ ಸಡಿಲಿಸಿದರೆ ಕರೆಯದೆಯೇ ಒಳಗೆ ಬರುತ್ತಿತ್ತು. ಕೈ ಮೇಲಕ್ಕೆ, ಹೆಗಲ ಮೂಳೆಯ ಹತ್ತಿರ ಹೋದರೆ, ನೋವಾಗುತ್ತಿತ್ತೇ ಹೊರತು ಉಸಿರು ಅಲುಗುತ್ತಿರಲಿಲ್ಲ. ರಾಯಪ್ಪನವರು ಪಕ್ಕದಲ್ಲಿ ನಿಂತು, "ಒತ್ತು... ಬಿಡು..." ಎಂದು ತಾಳ ಹೇಳುತ್ತಿದ್ದರು. ನಮ್ಮವರ ಬಾಯಲ್ಲಿ ಅದು, "ಒತ್ತು... ಬುಡು..." ಆಯಿತು.

ಕೆಂಪಯ್ಯನವರು ಈ ಪಾಠಕ್ಕೆ ತಪ್ಪದೆ ಬಂದು, ತಪ್ಪದೆ ಗೇಲಿ ಮಾಡುತ್ತಿದ್ದರು. ನೀರು ಕುಡಿದವನಿಗೆ ಅವರ ಮದ್ದೇ ಬೇರೆ. ಕುಂಬಾರರು ಮಡಕೆ ಮಾಡುವ ಚಕ್ರ, ತಿಗರಿ, ಅದನ್ನು ತಂದು, ಮುಳುಗಿದವನನ್ನು ಅದರ ಮೇಲೆ ಬೋರಲು ಹಾಕಿ ಗಿರಗಿರ ತಿರುಗಿಸಿದರೆ, ಕುಡಿದ ನೀರೆಲ್ಲ ಬಾಯಿಂದ ಚೆಲ್ಲಿ ಜೀವ ಬರುತ್ತದೆ. ಅವರ ತಂದೆಯೂ ಹಾಗೇ ಮಾಡುತ್ತಿದ್ದರು. ಇವರೂ ಒಬ್ಬನನ್ನು ಹಾಗೆ ಉಳಿಸಿದ್ದರಂತೆ.

"ಅವನು ತಿಗರಿಯಿಂದ ಬದುಕಿದ್ನೋ, ತಿಗರಿ ತಪ್ಪಿಸ್ಕೊಂಡು ಬದುಕಿದ್ನೋ, ಯಾರಿಗೆ ಗೊತ್ತು?" ಎಂದರು ರಾಯಪ್ಪನವರು, ನಗದೆ.

ಅದಕ್ಕಿಂತ ದೊಡ್ಡ ಜಗಳ ಇನ್ನೊಂದು ವಿಷಯಕ್ಕೆ. ಮುಳುಗುತ್ತಿರುವವನ ಹತ್ತಿರ ಹಿಂದಿನಿಂದ ಹೋಗಿ ಗದ್ದ ಹಿಡಿದು ಎಳೆಯಬೇಕು ಎನ್ನುವುದು ಹೊಸ ಪಾಠ. ಕೆಂಪಯ್ಯನವರು ಕೈ ಕಟ್ಟಿಕೊಂಡು, ಗದ್ದ ಮೇಲೆತ್ತಿ ಎದ್ದು ನಿಂತರು.

"ಅಲ್ಲ ಕಣ್ರೀ ರಾಯಪ್ಪನೋರೆ, ಜೀವ ಓಗ್ತಾ ಇರೋನು ಮೊದ್ಲು ಏನ್ ನೋಡ್ಬೇಕು? ಮನುಸನ ಮಕ ನೋಡ್ಬೇಕು. ಇಂದ್ಗಡೆಯಿಂದ ಓಗಿ ಇಡ್ಕೊಳ್ಳೋಕೆ ನಾನೇನ್ ಕಳ್ಳನಾ?"

"ಮುಳುಗ್ತಾ ಇರೋನಿಗೆ ಮುಖ ಕಾಣ್ಸಲ್ಲ ಕೆಂಪಯ್ಯನವ್ರೆ. ಅಪ್ಕೊಳ್ಳೋಕೆ ಒಂದು ಕಂಬ ಕಾಣ್ಸುತ್ತೆ, ಅಷ್ಟೆ."

"ಆಯ್ತು ಬುಡಿ," ಎಂದು ಕೆಂಪಯ್ಯನವರು ಶಿಷ್ಯರ ಕಡೆ ತಿರುಗಿದರು. "ನೋಡ್ರೋ, ಎಲ್ರೂ ಕೇಳಿಸ್ಕಳ್ಳಿ. ನಾನೇನಾದ್ರೂ ಮುಳುಗೋದ್ರೆ ನನ್ ಬೆನ್ ಮೇಲೆ ಯಾವನೂ ಅತ್ತಿ ಕೂರ್ಬೇಡಿ. ಮರ್ವಾದೆಯಾಗಿ ತಿಗರಿ ತನ್ನಿ."

ಎಲ್ಲರೂ ನಕ್ಕರು. ಹೆಣವಾಗಿ ಮಲಗಿದ್ದ ನಾನೂ ನಕ್ಕು ರಾಯಪ್ಪನವರಿಂದ ಬೈಸಿಕೊಂಡೆ. ನಂಜುಂಡ ಮಾತ್ರ ನಗಲಿಲ್ಲ. ಅವನ ಕೈ ಆಗ ನನ್ನ ಬೆನ್ನಿನ ಮೇಲಿತ್ತು.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಪಾಠ ಮುಗಿದು ಸ್ವಲ್ಪ ಕಾಲವಾಗಿತ್ತು. ರಾಯಪ್ಪನವರು ಚರ್ಚಿಗೆ ಹೋಗಿದ್ದರು. ಬೆಲ್ಲದ ಮಂಡಿಯ ಮಹದೇವಪ್ಪನವರು ನೀರಿನಲ್ಲಿದ್ದರು. ಸ್ಥೂಲ ದೇಹ, ಮಂಡಿನೋವಿಗೆ ಈಜು ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ಕಲಿಯಲು ಬಂದಿದ್ದರು. ಅಂದು ಅದೇ ವೈದ್ಯರು ಹೇಳಿದರೆಂದು ಮೈಗೆಲ್ಲ ಹರಳೆಣ್ಣೆ ತಿಕ್ಕಿಕೊಂಡೂ ಬಂದಿದ್ದರು. ಬುರುಡೆ ಕಟ್ಟಿದ ಹಗ್ಗ ಎಣ್ಣೆಗೆ ಜಾರಿತು. ಬುರುಡೆಗಳು ಒಂದು ಕಡೆಗೆ, ಅವರು ಇನ್ನೊಂದು ಕಡೆಗೆ. ಅವರು ಕೂಗಲಿಲ್ಲ; ಬಾಯಿ ತೆರೆದದ್ದನ್ನು ನೋಡಿದೆ, ಧ್ವನಿ ಬರಲಿಲ್ಲ.

ಕೆಂಪಯ್ಯನವರು ಹಾರಿದರು. ನೇರವಾಗಿ, ಎದುರಿನಿಂದ ಹೋದರು. "ಮಾದೇವಪ್ಪನೋರೆ, ಇಲ್ನೋಡಿ, ನಾನು ಕೆಂಪಯ್ಯ. ನನ್ ಮಕ ನೋಡಿ," ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮಹದೇವಪ್ಪನವರು ನೋಡಿದರೋ ಇಲ್ಲವೋ ಹೇಳಲಾರೆ. ಎರಡೂ ಕೈಗಳಿಂದ ಅವರ ಕುತ್ತಿಗೆಯನ್ನು ತಬ್ಬಿಕೊಂಡರು. ಇಬ್ಬರೂ ಒಟ್ಟಿಗೆ ಕೆಳಗೆ ಹೋದರು. ನೀರಿನೊಳಗೆ ಏನಾಯಿತು ಎನ್ನುವುದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ನಂಜುಂಡ ಎದುರು ದಂಡೆಯಲ್ಲಿದ್ದವನು ನೀರಿಗೆ ಧುಮುಕಿದ. ಮೊದಲು ಕೈಗೆ ಸಿಕ್ಕವರು ಮಹದೇವಪ್ಪನವರು. ಹಿಂದಿನಿಂದ ಗದ್ದ ಹಿಡಿದು ಮೆಟ್ಟಿಲಿಗೆ ತಂದು ಬಿಟ್ಟು, ಮತ್ತೆ ಮುಳುಗಿದ. ಮಹದೇವಪ್ಪನವರು ನೀರು ಕಾರುತ್ತ ನನ್ನ ಕಾಲ ಬಳಿ ಅಳುತ್ತಿದ್ದರು. ನಂಜುಂಡ ಎರಡನೆಯ ಸಲ ಮೇಲೆ ಬಂದಾಗ ಅವನ ತೋಳಿನಲ್ಲಿ ಅವನ ಅಪ್ಪ ಇದ್ದರು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಸಿರಿರಲಿಲ್ಲ. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶಿಷ್ಯರೆಲ್ಲ ಒಟ್ಟಿಗೆ ಕೂಗಿದರು. "ಕಾಲ್ ಇಡ್ದು ತಲೆಕೆಳಗು ಮಾಡ್ರೋ!" "ತಿಗರಿ! ತಿಗರಿ ತತ್ತೀನಿ ಇರ್ರಿ!" ಎಂದು ಇಬ್ಬರು ಕುಂಬಾರ ಚನ್ನಯ್ಯನ ಮನೆಯ ಕಡೆಗೆ ಓಡಿಯೇಬಿಟ್ಟರು. ಇನ್ನಿಬ್ಬರು ಕಾಲು ಹಿಡಿದರು.

"ಕಾಲ್ ಬುಡ್ರೋ," ಎಂದ ನಂಜುಂಡ. ಅಪ್ಪನನ್ನು ಚಪ್ಪಡಿಯ ಮೇಲೆ ಬೋರಲು ಮಲಗಿಸಿದ.

"ಲೋ ನಂಜುಂಡ, ಬೆನ್ ಮೇಲೆ ಕೂರ್ಬೇಡಿ ಅಂತ ನಿಮ್ಮಪ್ಪನೇ ಯೋಳಿದ್ರಲ್ಲೋ! ಎದ್ದ್ಮೇಲೆ ಬೈತಾರೆ ಕಣೋ!" ಎಂದ ಕಾಲು ಹಿಡಿದಿದ್ದವನೊಬ್ಬ.

"ಎದ್ದು ಬೈಲಿ. ಬೈಲಿ ಅಂತ್ಲೇ ಕೂರ್ತಾ ಇವ್ನಿ," ಎಂದ. ಅವನು ಮಂಡಿಯೂರಿದ, ಕೈ ಇಟ್ಟ, ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ತಲೆಯೆತ್ತಿ ನನ್ನನ್ನು ನೋಡಿ, "ರೈಟ್ರೆ, ಸರಿಯಾಗ್ ಇಟ್ಟಿವ್ನಾ? ನಿಮಗೆ ಗೊತ್ತಾಯ್ತದೆ. ನೋಡಿ ಯೋಳಿ," ಎಂದ.

ಪುಸ್ತಕದಲ್ಲಿ ಏನು ಬರೆದಿತ್ತೆಂದು ಆ ಗಳಿಗೆಯಲ್ಲಿ ನನಗೆ ಒಂದಕ್ಷರವೂ ನೆನಪಾಗಲಿಲ್ಲ, ಕನ್ನಡ ಮಾಡಿದವನು ನಾನೇ ಆದರೂ. ನೆನಪಾದದ್ದು ನನ್ನ ಬೆನ್ನಿಗೆ. ಅವನ ಕೈ ಎಲ್ಲಿತ್ತೆಂದು ನೋಡಿದೆ. ಆ ಜಾಗದಲ್ಲಿ ನನಗೆ ನೋವಾಗುತ್ತಿತ್ತು, ಉಸಿರು ಹೋಗುತ್ತಿರಲಿಲ್ಲ. "ಕೆಳಗೆ, ಒಂದು ಅಂಗೈಯಷ್ಟು ಕೆಳಗೆ," ಎಂದೆ. ಅವನು ಕೈ ಸರಿಸಿದ. ಒತ್ತಿದ. ಕೆಂಪಯ್ಯನವರ ಬಾಯಿಂದ ನೀರು ಕಲ್ಲಿನ ಮೇಲೆ ಹರಿಯಿತು. "ಒತ್ತು... ಬುಡು..." ಎಂದು ತಾಳ ಹಿಡಿದೆ. ಸುತ್ತ ನಿಂತಿದ್ದವರೂ ಒಬ್ಬೊಬ್ಬರಾಗಿ ಸೇರಿಕೊಂಡರು. ಮಹದೇವಪ್ಪನವರು ಅಳುತ್ತಲೇ, "ಒತ್ತು... ಬುಡು..." ಎನ್ನುತ್ತಿದ್ದರು. ಎಷ್ಟು ಹೊತ್ತು ಹೀಗಾಯಿತೆಂದು ಕೇಳಬೇಡಿ. ಆಚೆ ಬದಿಯ ನೆರಳು ಹೋಗಿ ಕೊಳವೆಲ್ಲ ಬಿಸಿಲಾಗಿತ್ತು. ಅಷ್ಟು ಮಾತ್ರ ಹೇಳಬಲ್ಲೆ.

ಮೊದಲು ಒಂದು ಬಿಕ್ಕಳಿಕೆ ಬಂತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೆಮ್ಮು. ನಂಜುಂಡ ಕೈ ನಿಲ್ಲಿಸಲಿಲ್ಲ. ಕೊನೆಗೆ ಕಲ್ಲಿಗೆ ಒತ್ತಿದ್ದ ಆ ಬಾಯಿಯಿಂದಲೇ, ತೀರ ಸಣ್ಣ ದನಿಯಲ್ಲಿ, "ಯಾವನ್ಲಾ ಅವ್ನು, ಬೆನ್ ಮೇಲೆ?" ಎಂದು ಕೇಳಿಸಿತು.

"ನಾನು ಕಣಪ್ಪ," ಎಂದ ನಂಜುಂಡ. ಕೈ ತೆಗೆದು, ಅಪ್ಪನನ್ನು ಎತ್ತಿ ತನ್ನ ಎದೆಗೆ ಒರಗಿಸಿಕೊಂಡ.

ಅಷ್ಟರಲ್ಲಿ ತಿಗರಿ ಬಂತು. ಓಡಿಹೋಗಿದ್ದ ಇಬ್ಬರು ಅದನ್ನು ಏದುಸಿರು ಬಿಡುತ್ತ ಹೊತ್ತು ತಂದರು. ಹಿಂದೆಯೇ ಮಣ್ಣು ಮೆತ್ತಿದ ಕೈಯಲ್ಲಿ ಚನ್ನಯ್ಯ. ಕೆಂಪಯ್ಯನವರು ಮಗನಿಗೆ ಒರಗಿ ಕುಳಿತು, ಆ ಚಕ್ರವನ್ನು ಬಹಳ ಹೊತ್ತು ನೋಡಿದರು. ಅದರ ಮೇಲೆ ಅರ್ಧ ಮಾಡಿದ ಮಡಕೆಯ ಹಸಿ ಮಣ್ಣು ಇನ್ನೂ ಅಂಟಿಕೊಂಡಿತ್ತು.

"ವಾಪಸ್ ಕೊಟ್ಬುಡ್ರೋ," ಎಂದರು. "ಪಾಪ, ಚನ್ನಯ್ಯನ ಕೆಲ್ಸ ಕೆಡ್ತದೆ."

ಹೊಸ ಪಾಠವನ್ನು ಅವರು ಒಪ್ಪಿಕೊಂಡ ಮಾತು ಅಷ್ಟೇ. ಅದಕ್ಕಿಂತ ಹೆಚ್ಚು ಅವರು ಎಂದೂ ಹೇಳಲಿಲ್ಲ, ರಾಯಪ್ಪನವರು ಕೇಳಲೂ ಇಲ್ಲ. ಆದರೆ ಆಮೇಲೆ ಶಿಷ್ಯರಿಗೆ ಕಲಿಸುವಾಗ, "ಇಂದ್ಗಡೆಯಿಂದ್ಲೇ ಓಗು. ಆದ್ರೆ ಅವನ ಎಸ್ರು ಕೂಗ್ಕೊಂಡು ಓಗು. ಕಳ್ಳನಂಗೆ ಓಗ್ಬೇಡ," ಎನ್ನುತ್ತಿದ್ದರು. ರಾಯಪ್ಪನವರು ಅದನ್ನು ಕೇಳಿ ಸ್ವಲ್ಪ ಯೋಚಿಸಿ, ತಮ್ಮ ಪಾಠಕ್ಕೂ ಸೇರಿಸಿಕೊಂಡರು. ಪುಸ್ತಕದಲ್ಲಿ ಆ ಮಾತು ಇರಲಿಲ್ಲ.

ಈಗ ಇಬ್ಬರೂ ಇಲ್ಲ. ಮೊನ್ನೆ ನಾನು ಕೊಳಕ್ಕೆ ಹೋದದ್ದು, ಮತ್ತೆ ಹೊಸ ಪಾಠ ಬಂದಿದೆ ಎಂದು ಕೇಳಿ. ಹೊರದೇಶದಲ್ಲಿ ಕಲಿತು ಬಂದ ತರುಣರೊಬ್ಬರು ಈಜು ಮೇಷ್ಟ್ರುಗಳನ್ನೆಲ್ಲ ಕೂಡಿಸಿದ್ದರು. ಬೆನ್ನು ಒತ್ತಿದರೆ ಸಾಲದಂತೆ. ತಲೆಯ ಕಡೆ ಕೂತು, ಒತ್ತಿದ ಮೇಲೆ ಮೊಣಕೈಗಳನ್ನು ಹಿಡಿದು ಮೇಲಕ್ಕೆತ್ತಬೇಕಂತೆ. ನನಗೆ ಒಳಗೊಳಗೇ ಸಿಟ್ಟು ಬಂತು. ನಂಜುಂಡನಿಗೆ ಹೊರಗೇ ಬಂತು. ಅವನ ಮೀಸೆಯೂ ಬೆಳ್ಳಗಾಗುತ್ತಿದೆ. ವಯಸ್ಸಾದಂತೆ ಅಪ್ಪನ ಬಾಯಿಯೂ ಬಂದಿದೆ.

"ನಮ್ಮಪ್ಪನ್ನ ಉಳಿಸಿದ ವಿದ್ಯೆ ಕಣ್ರೀ ಇದು. ಇದನ್ನ ಬುಟ್ಬುಡು ಅಂದ್ರೆ ಎಂಗೆ? ನೀವೇ ಯೋಳಿ ರೈಟ್ರೆ," ಎಂದ.

ಅವನು ನಿಂತಿದ್ದ ರೀತಿ ನೋಡಿದೆ. ಕೈ ಕಟ್ಟಿಕೊಂಡು, ಗದ್ದ ಮೇಲೆತ್ತಿ. ಆ ನಿಲುವು ನನಗೆ ಗೊತ್ತಿತ್ತು. ಅವನ ಪರವಾಗಿ ಹೇಳಬೇಕೆಂದು ಬಾಯಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು.

"ನಂಜುಂಡ," ಎಂದೆ, "ತಿಗರಿ ವಾಪಸ್ ಕೊಟ್ಬುಡೋ."

ಅವನು ನನ್ನ ಮುಖ ನೋಡಿದ. ಆಮೇಲೆ ಕೊಳದ ಕಡೆ ತಿರುಗಿ ನಿಂತ. ಭುಜ ಅಲುಗುತ್ತಿತ್ತು, ನಗುತ್ತಿದ್ದನೋ ಅಳುತ್ತಿದ್ದನೋ ಹೇಳಲಾರೆ. ತಿರುಗಿ ಬಂದು, "ಆಯ್ತು ಸ್ವಾಮಿ, ಕಲಿಸಿ. ಎಣ ಯಾರು?" ಎಂದು ಆ ತರುಣರನ್ನು ಕೇಳಿದ.

ನಾನು ಅಂಗಿ ತೆಗೆದು ಮಲಗಿದೆ. ಈಗ ನನ್ನ ಪಕ್ಕೆಲುಬು ಹುಡುಕಬೇಕಾಗುತ್ತದೆ. ಕೆನ್ನೆಗೆ ಅದೇ ಕಲ್ಲಿನ ತಣುಪು, ಕಣ್ಣಿಗೆ ಗೋಡೆಯಂತೆ ನಿಂತ ಅದೇ ಬೆಟ್ಟ. ನಂಜುಂಡ ತಲೆಯ ಕಡೆ ಕೂತು ಬೆನ್ನು ಒತ್ತಿದ, ಉಸಿರು ಹೋಯಿತು. ಆಮೇಲೆ ಮೊಣಕೈಗಳನ್ನು ಹಿಡಿದು ಎತ್ತಿದ. ನಿಜ ಹೇಳಬೇಕಲ್ಲ: ಹಿಂದೆ ಎಂದೂ ಬಾರದಷ್ಟು ಗಾಳಿ ಎದೆಯೊಳಗೆ ಬಂತು.

ಆ ಭಾನುವಾರದ್ದನ್ನು ನಾನು ಕಂಡಂತೆ ಹೇಳಿದ್ದೇನೆ. ನಂಬಿಕೆಯಾಗದಿದ್ದರೆ ಕೇಳಬಹುದಾದವರು ಇನ್ನೂ ಇದ್ದಾರೆ. ಬೆಲ್ಲದ ಮಂಡಿಯಲ್ಲಿ ಮಹದೇವಪ್ಪನವರಿದ್ದಾರೆ. ಆ ಮಾತು ತೆಗೆದರೆ ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಬೆಟ್ಟದ ದಾರಿಯಲ್ಲಿ ಕುಂಬಾರ ಚನ್ನಯ್ಯನಿದ್ದಾನೆ, ತಿಗರಿ ಅದೇ. ಕೊಳದಲ್ಲಿ ನಂಜುಂಡನಿದ್ದಾನೆ. ಅವನನ್ನು ಕೇಳುವುದಾದರೆ ಎದುರಿನಿಂದಲೇ ಹೋಗಿ.