ಚದುರದ ಹೊಗೆ

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಂದಿಗೆ ಸೇರಿತು. ಮುಂದಿನ ಬೇಸಿಗೆಯಲ್ಲಿ ನಮ್ಮ ಸುರಪುರದ ಓಣಿಯ ಮಂದಿ ಮತ್ತೆ ಮಾಳಿಗೆಯ ಮೇಲೆ ಮಲಗತೊಡಗಿದರು.

ಅದಕ್ಕೆ ಮೊದಲಿನ ದಿನಗಳಲ್ಲಿ ಮಾಳಿಗೆ ಇದ್ದದ್ದು ಕಾವಲಿಗಷ್ಟೇ. ದಾಳಿಕೋರರು ಸುತ್ತಲ ಹಳ್ಳಿಗಳಿಗೆ ಬೆಂಕಿ ಇಟ್ಟ ಸುದ್ದಿ ದಿನವೂ ಬರುತ್ತಿತ್ತು. ಅಜ್ಜಿ ನಮಗೆ ಕಲಿಸಿದ್ದು ಒಂದೇ ಪಾಠ: ದೂರದಲ್ಲಿ ಮಬ್ಬಾಗಿ ಏನಾದರೂ ಕಂಡರೆ "ಹೊಗಿ" ಎಂದು ಕೂಗಬೇಕು. ಕೂಗಿದರೆ ಮನೆಮಂದಿಯೆಲ್ಲ ಊರ ಉತ್ತರದ ಗುಡ್ಡಕ್ಕೆ ಓಡಬೇಕು. ಹಾಗೆ ಓಡಿದ ಒಂದು ರಾತ್ರಿ ಅವ್ವನ ಬಸಿರು ಇಳಿದುಹೋಗಿತ್ತು.

ಆ ಬೇಸಿಗೆ ಅವ್ವ ಮತ್ತೆ ತುಂಬು ಬಸುರಿ.

ಸಂಜೆ ನೀರು ಚಿಮುಕಿಸಿದ ಮಾಳಿಗೆಯಿಂದ ಹಸಿಮಣ್ಣಿನ ವಾಸನೆ ಏಳುತ್ತಿತ್ತು. ರೊಟ್ಟಿ, ಪುಂಡಿಪಲ್ಯ ಉಂಡು ಅಂಗಾತ ಬಿದ್ದು ಚುಕ್ಕಿ ಎಣಿಸುತ್ತಿದ್ದೆ. ದಕ್ಷಿಣದ ಗುಡ್ಡದ ಮೇಲಿದ್ದ ಒಂದು ಮಾತ್ರ ಚುಕ್ಕಿಯಂತಿರಲಿಲ್ಲ. ಬೂದಿಬಣ್ಣದ ಉಂಡೆ. ನನ್ನ ಬಾಯಿಂದ ಹಳೆಯ ಮಾತೇ ಬಂತು.

"ಹೊಗಿ!"

ಓಣಿಯ ಮಾಳಿಗೆಗಳ ಮೇಲೆ ಮಂದಿ ದಡಬಡಿಸಿ ಎದ್ದರು. ಕಂದೀಲುಗಳು ಒಂದೊಂದಾಗಿ ಆರಿದವು. ಗಾಳಿ ಜೋರಾಗಿತ್ತು. ಆದರೂ ಆ ಹೊಗೆ ಅಲುಗಲಿಲ್ಲ, ಚದುರಲಿಲ್ಲ. ಇದ್ದ ಆಕಾರದಲ್ಲೇ ನಿಧಾನಕ್ಕೆ ಮೇಲೇರುತ್ತಿತ್ತು.

ಅಜ್ಜಿ ಕತ್ತಲಲ್ಲೇ ಒಣರೊಟ್ಟಿ ಗಂಟು ಕಟ್ಟಿದಳು. "ಏಳವ್ವ, ಗುಡ್ಡಕ್ಕ ನಡಿ."

ಅವ್ವ ಹೊಟ್ಟೆ ಹಿಡಿದು ಗೋಡೆಗೆ ಒರಗಿದಳು. "ನಾ ಬರಾಂಗಿಲ್ರಿ ಅತ್ತಿ. ಹೋದ ಸಲದ್ದು ಮರತ್ರೇನು?"

"ಮರತಿಲ್ಲ. ಸುಟ್ಟು ಬೂದಿ ಆದಮ್ಯಾಲ ಹಡೀತಿಯೇನು? ನಡಿ!"

ಅಜ್ಜಿ ಅವಳ ಕೈ ಹಿಡಿದು ಎಳೆದಳು. ನನ್ನ ಕಾಕಾ ನಡುವೆ ಬಂದ. ಸಂಸ್ಥಾನದ ವಿರುದ್ಧ ಹೋರಾಡಿದವರ ಗಡಿ ಶಿಬಿರದಿಂದ ಮರಳುವಾಗ ಅವನು ಹಿತ್ತಾಳೆಯ ದುರ್ಬೀನು ತಂದಿದ್ದ. ಅದರಲ್ಲಿ ಬಹಳ ಹೊತ್ತು ನೋಡಿದ.

"ಯವ್ವಾ, ಇದು ಹೊಗಿ ಅಲ್ಲ. ಚುಕ್ಕಿ ಹಿಂಡು. ನಿನ್ನ ಮೊಮ್ಮಗಳು ಇಡೀ ಓಣಿ ಎಬ್ಬಿಸ್ಯಾಳ ನೋಡು."

ಅಜ್ಜಿ ಕಣ್ಣಿಟ್ಟಳು. ನಂತರ ನಾನೂ ನೋಡಿದೆ. ಅಂಚಿನಲ್ಲಿ ಪುಡಿಪುಡಿ ಬೆಳಕು, ನಡುವೆ ಎಣಿಕೆಗೆ ಸಿಗದ ದಟ್ಟಣೆ. ಅಜ್ಜಿ ಅವ್ವನ ಕೈ ಬಿಟ್ಟು, ಕಾಕಾನ ಕಡೆ ತಿರುಗಿ ಪಿಸುಗುಟ್ಟಿದಳು:

"ಇಷ್ಟು ಮಂದಿ ಒತ್ತಟ್ಟಿಗಿ ನಿಂತಾರಲ್ಲೋ. ಯಾರಿಗಿ ಅಂಜಿ ಓಡಿ ಬಂದಾರ?"

ಕಾಕಾ ಒಣರೊಟ್ಟಿಯ ಗಂಟು ಬಿಚ್ಚಿದ.

ಎಂಟು ದಿನಕ್ಕೆ ಅದೇ ಮನೆಯಲ್ಲಿ ತಂಗಿ ಹುಟ್ಟಿದಳು. ನಾವು ಕಂಡದ್ದು ಗೋಳಾಕಾರದ ತಾರಾಗುಚ್ಛವೆಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಈಗ ಆ ದಿಕ್ಕಿನ ತುಂಬ ವಿದ್ಯುತ್ ದೀಪಗಳು. ನಮ್ಮ ಮಾಳಿಗೆಯಿಂದ ಅದು ಕಾಣುವುದಿಲ್ಲ. ಅಜ್ಜಿ ಆಮೇಲೆ ಹನ್ನೊಂದು ಬೇಸಿಗೆ ಬದುಕಿದ್ದಳು. ಒಂದು ರಾತ್ರಿಯೂ ಮಾಳಿಗೆಯ ಮೇಲೆ ಮಲಗಲಿಲ್ಲ.